ಊರೊಳಗೆ ಯುದ್ಧ ಬಂದರೆ ದೊಡ್ಡ ಸೇನೆಯೂ ಯಾಕೆ ತೆವಳುತ್ತದೆ?

ಪ್ರಶ್ನೆ: ಮೊಸುಲ್, ಮರಿಯುಪೋಲ್, ಬಖ್ಮುತ್ ಅಂತ ಕೆಲವು ವರ್ಷಗಳಿಂದ ಯುದ್ಧದ ಸುದ್ದಿಯಲ್ಲಿ ಊರುಗಳ ಹೆಸರೇ ಕೇಳುತ್ತಿದೆ. ವಿಮಾನ, ಟ್ಯಾಂಕ್, ಉಪಗ್ರಹ ಎಲ್ಲ ಇರುವ ಸೇನೆಗೂ ಒಂದು ಊರು ಹಿಡಿಯಲು ತಿಂಗಳುಗಟ್ಟಲೆ ಯಾಕೆ ಬೇಕು? ಹಿಂದೆಯೂ ಹೀಗೇ ಇತ್ತಾ? ಇದನ್ನು ಒಂದು ವಿಷಯವಾಗಿ ಓದುವವರು ಇದ್ದಾರಾ? ಡ್ರೋನ್ ಬಂದ ಮೇಲೆ ಇದೆಲ್ಲ ಬದಲಾಗುತ್ತದಾ?

ಉತ್ತರ: ಒಂದು ಲೆಕ್ಕದಿಂದ ಶುರು ಮಾಡೋಣ. ಐದು ಅಂತಸ್ತಿನ ಒಂದು ಸಾಧಾರಣ ವಸತಿ ಕಟ್ಟಡ ಅಂದುಕೊಳ್ಳಿ. ಅಂತಸ್ತಿಗೆ ನಾಲ್ಕು ಮನೆ, ಮನೆಗೆ ನಾಲ್ಕು ಕೋಣೆ. ಎಂಬತ್ತು ಕೋಣೆ ಆಯ್ತು. ಮೆಟ್ಟಿಲು, ತಾರಸಿ, ನೆಲಮಾಳಿಗೆ ಬೇರೆ. ಇದರೊಳಗೆ ಎಲ್ಲೋ ಮೂರು ಜನ ಬಂದೂಕು ಹಿಡಿದು ಕೂತಿದ್ದಾರೆ. ಎಲ್ಲಿ ಅಂತ ನಿಮಗೆ ಗೊತ್ತಿಲ್ಲ. ನೀವು ಯಾವ ಬಾಗಿಲಿಂದ ಬರಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಒಂದು ಕೋಣೆ ಶೋಧಿಸಿ ಮುಂದಕ್ಕೆ ಹೋದರೆ ಬೆನ್ನ ಹಿಂದೆ ಯಾರಾದರೂ ಮತ್ತೆ ಬಂದು ಸೇರಿಕೊಳ್ಳಬಹುದು. ಹಾಗಾಗಿ ಇಲ್ಲೊಬ್ಬ, ಮೆಟ್ಟಿಲ ಹತ್ತಿರ ಇಬ್ಬರು ಅಂತ ಕಾವಲು ಬಿಡುತ್ತಾ ಹೋಗಬೇಕು. ಮೂವತ್ತು ಜನರ ಪ್ಲಟೂನು ತಾರಸಿ ಮುಟ್ಟುವ ಹೊತ್ತಿಗೆ ಕೈಯಲ್ಲಿ ಹತ್ತು ಜನ ಉಳಿದರೆ ಹೆಚ್ಚು. ಒಬ್ಬನಿಗೂ ಗುಂಡು ತಾಗದಿದ್ದರೂ ಇದೇ ಲೆಕ್ಕ. ಇಂಥ ಕಟ್ಟಡ ಬೀದಿಗೆ ಇಪ್ಪತ್ತು. ಊರಲ್ಲಿ ಬೀದಿ ಎಷ್ಟು?

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಬಯಲಲ್ಲಿ ಸೇನೆ ಸೇನೆಯಾಗಿಯೇ ಹೋರಾಡುತ್ತದೆ. ಊರೊಳಗೆ ಕಾಲಿಟ್ಟ ಕೂಡಲೇ ಎಂಟು-ಹತ್ತು ಜನರ ಗುಂಪುಗಳಾಗಿ ಒಡೆದುಹೋಗುತ್ತದೆ. ಹೊರಗೆ ಒಂದು ಲಕ್ಷ ಸೈನಿಕರು ನಿಂತಿರಬಹುದು. ಬಾಗಿಲು ದಾಟುವವನು ಮಾತ್ರ ಒಬ್ಬನೇ.

ಉಳಿದ ಅರ್ಧ ಜ್ಯಾಮಿತಿ. ಫಿರಂಗಿಯ ಗುಂಡು ಕಮಾನಿನ ಹಾಗೆ ಏರಿ ಇಳಿಯುತ್ತದೆ. ಅದು 45 ಡಿಗ್ರಿ ಓರೆಯಲ್ಲಿ ಇಳಿಯುತ್ತಿದ್ದರೆ, 20 ಮೀಟರ್ ಎತ್ತರದ ಕಟ್ಟಡದ ಹಿಂದಿನ 20 ಮೀಟರ್ ಜಾಗ ಅದಕ್ಕೆ ಸಿಗುವುದೇ ಇಲ್ಲ. ಮಳೆ ಓರೆಯಾಗಿ ಹೊಡೆಯುವಾಗ ಗೋಡೆಯ ಮರೆಯಲ್ಲಿ ನಿಂತವನು ನೆನೆಯುವುದಿಲ್ಲ ಅಲ್ವಾ, ಹಾಗೆ. ಎಷ್ಟೋ ಊರುಗಳಲ್ಲಿ ಬೀದಿಯ ಅಗಲವೇ ಅಷ್ಟಿರುವುದಿಲ್ಲ. ನೆಟ್ಟಗೆ ಏರಿ ನೆಟ್ಟಗೆ ಬೀಳುವ ಮಾರ್ಟರ್‌ಗೆ ಊರಲ್ಲಿ ಬೆಲೆ ಜಾಸ್ತಿ ಇರುವುದು ಇದಕ್ಕೇ.

ಟ್ಯಾಂಕಿನ ಪಾಡು ಇನ್ನೂ ಕಷ್ಟ. ಟಿ-72 ಟ್ಯಾಂಕಿನ ತೋಪು ಮೇಲಕ್ಕೆ ಸುಮಾರು 14 ಡಿಗ್ರಿ, ಕೆಳಕ್ಕೆ ಸುಮಾರು 6 ಡಿಗ್ರಿ ಅಷ್ಟೇ ಹೊರಳುತ್ತದೆ. 20 ಮೀಟರ್ ದೂರದ ಕಟ್ಟಡದ ಎದುರು ನಿಂತರೆ, ತೋಪಿನ ಮಟ್ಟದಿಂದ 5 ಮೀಟರ್ ಮೇಲಿನ ತನಕ ಮಾತ್ರ ಹೊಡೆಯಬಹುದು. ಅದಕ್ಕಿಂತ ಮೇಲಿನ ಕಿಟಕಿಯಲ್ಲಿರುವವನಿಗೆ ಟ್ಯಾಂಕಿನ ನೆತ್ತಿ ಕಾಣುತ್ತದೆ. ಅದರ ಕವಚ ತೆಳ್ಳಗಿರುವುದೂ ಅಲ್ಲೇ. ತೀರಾ ಪಕ್ಕದಲ್ಲಿರುವ ನೆಲಮಾಳಿಗೆಯ ಕಿಂಡಿಗೂ ತೋಪು ಬಾಗುವುದಿಲ್ಲ.

1994ರ ಡಿಸೆಂಬರ್ 31ರಂದು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯಲ್ಲಿ ಈ ಡಿಗ್ರಿಗಳ ಲೆಕ್ಕಕ್ಕೆ ರಷ್ಯಾ ರಕ್ತದಲ್ಲಿ ಬೆಲೆ ಕೊಟ್ಟಿತು. ಒಂದು ಪ್ಯಾರಾಚೂಟ್ ರೆಜಿಮೆಂಟ್ ಸಾಕು, ಎರಡು ಗಂಟೆಯ ಕೆಲಸ ಅಂತ ರಕ್ಷಣಾ ಮಂತ್ರಿ ಗ್ರಚೋವ್ ಹೇಳಿಕೊಂಡಿದ್ದರು. ಟ್ಯಾಂಕುಗಳು ಸಾಲಾಗಿ ಊರೊಳಗೆ ಹೊರಟವು. ಜೊತೆಗೆ ಇಳಿದು ನಡೆಯುವ ಕಾಲಾಳುಗಳು ಸಾಕಷ್ಟು ಇರಲಿಲ್ಲ. ಇದ್ದ ನಕ್ಷೆಗಳೋ ಗಲ್ಲಿ ತೋರಿಸುವಷ್ಟು ದೊಡ್ಡ ಅಳತೆಯವಲ್ಲ. ಚೆಚೆನ್ ಹೋರಾಟಗಾರರ ಗುಂಪು ಎಂದರೆ ಒಬ್ಬನ ಕೈಯಲ್ಲಿ ಆರ್‌ಪಿಜಿ (ಹೆಗಲ ಮೇಲಿಂದ ಟ್ಯಾಂಕಿಗೆ ಹಾರಿಸುವ ರಾಕೆಟ್), ಒಬ್ಬನ ಹತ್ತಿರ ಮೆಷಿನ್ ಗನ್, ಇನ್ನೊಬ್ಬ ಸ್ನೈಪರ್. ಅವರು ಮೊದಲು ಸಾಲಿನ ಮುಂದಿನ ಗಾಡಿ ಸುಟ್ಟರು, ಆಮೇಲೆ ಕೊನೆಯದನ್ನು. ನಡುವೆ ಇದ್ದವು ಅಲುಗಾಡುವಂತಿಲ್ಲ. ಮೇಲಿನ ಅಂತಸ್ತಿಂದ, ನೆಲಮಾಳಿಗೆಯಿಂದ ಒಂದೊಂದಾಗಿ ಹೊಡೆದರು. ರೈಲು ನಿಲ್ದಾಣದ ತನಕ ಹೋದ 131ನೇ ಮೈಕೋಪ್ ಬ್ರಿಗೇಡಿನ 26 ಟ್ಯಾಂಕುಗಳಲ್ಲಿ 20ರಷ್ಟು ನಾಶವಾದವು. ಬ್ರಿಗೇಡಿನ ಕಮಾಂಡರ್ ಕೂಡ ಸತ್ತ. ಆಮೇಲೆ ರಷ್ಯನ್ನರು ವಿಮಾನ ಹೊಡೆಯುವ ಗನ್ನುಗಳನ್ನು ಬೀದಿಗೆ ತಂದರು. ಅವು ಆಕಾಶಕ್ಕೆ ತಿರುಗುತ್ತವಲ್ಲ, ಮೇಲಿನ ಕಿಟಕಿಗೂ ತಿರುಗುತ್ತವೆ.

ನನಗೆ ಇದರಲ್ಲಿ ಅಚ್ಚರಿಯಾಗುವುದು ಬೇರೆಯೇ ವಿಷಯಕ್ಕೆ. ಇದೇ ಸೇನೆಯ ಹಿಂದಿನ ತಲೆಮಾರು ಸ್ಟಾಲಿನ್‌ಗ್ರಾಡ್‌ನಲ್ಲಿ ಬೀದಿ ಕಾಳಗವನ್ನು ಜಗತ್ತಿಗೇ ಕಲಿಸಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಿಂದೆ ಹೇಗಿತ್ತು ನೋಡೋಣ.

ಊರಿಗಾಗಿ ಯುದ್ಧ ಅನ್ನೋದು ಊರುಗಳಷ್ಟೇ ಹಳೆಯದು. ಆದರೆ ಆಗಿನ ಕಾಳಗ ಬಹುತೇಕ ಕೋಟೆಯ ಗೋಡೆಯ ಹತ್ತಿರವೇ ತೀರ್ಮಾನವಾಗುತ್ತಿತ್ತು. ಗೋಡೆ ಬಿದ್ದರೆ ಊರು ಶರಣು, ಇಲ್ಲಾ ಸೂರೆ. ಕೌಟಿಲ್ಯ ಕೋಟೆ ಹಿಡಿಯಲು ಐದು ದಾರಿ ಹೇಳುತ್ತಾನೆ. ಒಳಗಿನವರನ್ನು ಒಡೆಯುವುದು, ಗೂಢಚಾರರನ್ನು ಬಿಡುವುದು, ಶತ್ರುವನ್ನು ಆಮಿಷ ತೋರಿಸಿ ಹೊರಗೆಳೆಯುವುದು, ಮುತ್ತಿಗೆ ಹಾಕಿ ಕೂರುವುದು, ನೇರವಾಗಿ ನುಗ್ಗುವುದು. ನುಗ್ಗುವುದು ಪಟ್ಟಿಯ ಕೊನೆಗೆ ಇದೆ. ಸುಮ್ನೆ ಇಟ್ಟದ್ದಲ್ಲ ಅದು.

ಗೋಡೆ ಬಿದ್ದ ಮೇಲೂ ಊರು ಶರಣಾಗದಿದ್ದರೆ? ಯುರೋಪಿಗೆ ಈ ಪ್ರಶ್ನೆ ಗಟ್ಟಿಯಾಗಿ ಎದುರಾದದ್ದು ಸ್ಪೇನಿನ ಜರಗೋಜಾದಲ್ಲಿ. ನೆಪೋಲಿಯನ್ನನ ಸೇನೆ ಎರಡನೇ ಸಲ ಮುತ್ತಿಗೆ ಹಾಕಿ 1809ರ ಜನವರಿ ಕೊನೆಗೆ ಗೋಡೆ ಒಡೆಯಿತು. ಕಥೆ ಅಲ್ಲಿಂದಲೇ ಶುರು. ಸುಮಾರು ಮೂರು ವಾರ ಮನೆ ಮನೆಗೂ ಕಾದಾಟ. ಬೀದಿಗಿಳಿದರೆ ಎರಡೂ ಕಡೆಯ ಕಿಟಕಿಗಳಿಂದ ಗುಂಡು. ಹಾಗಾಗಿ ಫ್ರೆಂಚ್ ಇಂಜಿನಿಯರುಗಳು ಬೀದಿಯನ್ನೇ ಬಿಟ್ಟು ಗೋಡೆಗೆ ಮದ್ದಿಟ್ಟು ಒಂದು ಮನೆಯಿಂದ ಪಕ್ಕದ ಮನೆಗೆ ಕನ್ನ ಕೊರೆದರು. ಮದ್ದು ಜಾಸ್ತಿಯಾದರೆ ಮನೆಯೇ ಕುಸಿದು ತಮಗೇ ಮರೆ ಇಲ್ಲದಾಗುತ್ತದೆ ಅಂತ ಬೇಗ ಕಲಿತು, ಅಳತೆ ಕಡಿಮೆ ಮಾಡಿದರು. ಅದನ್ನು ಗಮನಿಸಿದ ಸ್ಪೇನಿನವರು ಬಿಟ್ಟುಹೋಗುವ ಮನೆಗಳಿಗೆ ತಾವೇ ಬೆಂಕಿ ಇಡತೊಡಗಿದರು. ಫೆಬ್ರವರಿ 20ಕ್ಕೆ ಊರು ಶರಣಾಯಿತು. ಸತ್ತವರು 50 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಗುಂಡಿಗೆ ಬಲಿಯಾದವರಲ್ಲ. ಕಿಕ್ಕಿರಿದ ನೆಲಮಾಳಿಗೆಗಳಲ್ಲಿ ಹಬ್ಬಿದ ಟೈಫಸ್ ಜ್ವರಕ್ಕೆ ಸತ್ತವರು.

ಗೋಡೆಯ ಮೂಲಕ ನಡೆಯುವ ಈ ವಿದ್ಯೆಯನ್ನು ಸೇನೆಗಳು ಕಲಿಯುತ್ತವೆ, ಮರೆಯುತ್ತವೆ, ಮತ್ತೆ ಹೊಸದಾಗಿ ಕಂಡುಹಿಡಿಯುತ್ತವೆ. 1848ರಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಜನ ಬ್ಯಾರಿಕೇಡ್ ಕಟ್ಟಿ ದಂಗೆ ಎದ್ದ ಮೇಲೆ, ಅಲ್ಜೀರಿಯಾ ಗೆದ್ದ ಮಾರ್ಷಲ್ ಬ್ಯೂಜೋ ಬೀದಿ ಮತ್ತು ಮನೆಗಳ ಯುದ್ಧದ ಬಗ್ಗೆ ಒಂದು ಕೈಪಿಡಿ ಬರೆದ. ಬ್ಯಾರಿಕೇಡಿಗೆ ಎದೆಯೊಡ್ಡಬೇಡಿ, ಪಕ್ಕದ ಮನೆಗಳ ಗೋಡೆ ಕೊರೆದು ಅದರ ಬೆನ್ನಿಗೆ ಬನ್ನಿ ಅನ್ನೋದು ಅದರ ತಿರುಳು. ಈ ವಿಷಯಕ್ಕೆಂದೇ ಬರೆದ ಮೊದಲ ಕೈಪಿಡಿ ಇದೇ ಅಂತ ಹಲವರು ಹೇಳುತ್ತಾರೆ. ತಮಾಷೆ ಏನೆಂದರೆ ಒಂದೂವರೆ ಶತಮಾನದ ಹತ್ತಿರ ಅದು ಅಚ್ಚೇ ಆಗಲಿಲ್ಲ. ಕೈಪಿಡಿ ಇರಲಿ ಬಿಡಲಿ, 1871ರ ಮೇ ಕೊನೆಯ ವಾರದಲ್ಲಿ ಪ್ಯಾರಿಸ್ ಕಮ್ಯೂನನ್ನು, ಅಂದರೆ ಊರಿನ ಆಡಳಿತ ಹಿಡಿದಿದ್ದ ದಂಗೆಕೋರರ ಸರ್ಕಾರವನ್ನು, ಹತ್ತಿಕ್ಕಿದ ಸೇನೆ ಹಲವು ಕಡೆ ಮಾಡಿದ್ದು ಇದನ್ನೇ.

ಇಟಲಿಯ ಕರಾವಳಿಯಲ್ಲಿ ಓರ್ಟೋನಾ ಅಂತ ಸಣ್ಣ ಊರು. 1943ರ ಡಿಸೆಂಬರ್ 20ರಿಂದ 28ರ ತನಕ ಅಲ್ಲಿ ಕೆನಡಾದ ಸೈನಿಕರಿಗೂ ಜರ್ಮನ್ ಪ್ಯಾರಾಚೂಟ್ ಪಡೆಗೂ ಕಾಳಗ. ಜರ್ಮನ್ನರು ಮನೆಗಳನ್ನು ಉರುಳಿಸಿ ಅಡ್ಡಬೀದಿಗಳನ್ನು ಮುಚ್ಚಿ, ಶತ್ರು ಎಲ್ಲಿ ಬರಬೇಕು ಅಂತ ತಾವೇ ನಿಗದಿ ಮಾಡಿದ್ದರು. ಕೆನಡಾದವರಿಗೆ ಉಳಿದದ್ದು ಗೋಡೆಯೊಂದೇ. ಅಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಡಿದ ಮನೆಯ ಮೇಲಂತಸ್ತಿಗೆ ಹೋಗಿ, ಪಕ್ಕದ ಮನೆಯ ಗೋಡೆಗೆ ಮದ್ದಿಟ್ಟು, ತಾವು ಕೆಳಗಿಳಿದು ಸಿಡಿಸುವುದು. ಧೂಳು ಆರುವ ಮೊದಲೇ ತೂತಿನೊಳಗೆ ಗ್ರೆನೇಡ್ ಎಸೆದು ನುಗ್ಗುವುದು. ಆಮೇಲೆ ಮೇಲಿಂದ ಕೆಳಕ್ಕೆ ಅಂತಸ್ತು ಅಂತಸ್ತಾಗಿ ಇಳಿಯುವುದು. ಕೆಳಗಿಂದ ಮೇಲಕ್ಕೆ ಹೋದರೆ ಗ್ರೆನೇಡ್ ನಿಮ್ಮ ಕಡೆಗೇ ಉರುಳಿ ಬರುತ್ತದೆ. ಮೇಲಿಂದ ಇಳಿದರೆ ಅದು ಅವರ ಕಡೆ ಉರುಳುತ್ತದೆ. ಓಡುವವನಿಗೆ ಬೀದಿಯ ದಾರಿಯೂ ತೆರೆದಿರುತ್ತದೆ. ತಪ್ಪಿಸಿಕೊಳ್ಳಲು ದಾರಿ ಇಲ್ಲದವನು ಕೊನೆಯ ಗುಂಡಿನ ತನಕ ಹೊಡೆದಾಡುತ್ತಾನೆ ಅಲ್ವಾ. ಗೋಡೆ ಕೊರೆದು ಸಾಗುವ ಇದನ್ನು ಸೈನಿಕರು ಇಲಿ ಬಿಲ ಕೊರೆಯುವುದು ಅಂತಲೇ ಕರೆಯುತ್ತಿದ್ದರು.

ಕ್ರಿಸ್‌ಮಸ್ ದಿನವೂ ಕಾಳಗ ನಿಲ್ಲಲಿಲ್ಲ. ಒಂದು ರೆಜಿಮೆಂಟಿನವರು ಒಂದು ಚರ್ಚಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಹಬ್ಬದೂಟ ಬಡಿಸಿದ್ದರು. ಒಂದೊಂದೇ ಕಂಪನಿ ಕಾಳಗದಿಂದ ಬಂದು ಉಂಡು ಮತ್ತೆ ಅದೇ ಬೀದಿಗೆ ಹೋಯಿತು. ಅದಾಗಿ ಎರಡು ದಿನಕ್ಕೆ ಜರ್ಮನ್ನರು ಒಂದು ಮನೆಯನ್ನು ಒಳಗಿದ್ದ ಸೈನಿಕರ ಸಮೇತ ಸಿಡಿಸಿದರು. ಅದರಲ್ಲಿ ಒಬ್ಬನನ್ನು ಮೂರೂವರೆ ದಿನದ ಮೇಲೆ ಕಲ್ಲುಮಣ್ಣಿನ ಅಡಿಯಿಂದ ಜೀವಂತ ತೆಗೆದರು. ಆ ಸಣ್ಣ ಊರಲ್ಲಿ ಸತ್ತ ನಾಗರಿಕರು ಸುಮಾರು 1,300.

ಸ್ಟಾಲಿನ್‌ಗ್ರಾಡ್ ಬಗ್ಗೆ ಎಲ್ಲರೂ ಕೇಳಿರುತ್ತೀರಿ, ಅದಕ್ಕೇ ಎರಡು ಮಾತು ಮಾತ್ರ. 1942ರ ಆಗಸ್ಟ್ 23ರಂದು ಜರ್ಮನ್ ವಿಮಾನಗಳು ಊರನ್ನು ಪುಡಿ ಮಾಡಿದವು. ಆ ಪುಡಿಯೇ ಆಮೇಲೆ ಜರ್ಮನ್ ಟ್ಯಾಂಕುಗಳಿಗೆ ಅಡ್ಡವಾಯಿತು, ಸೋವಿಯತ್ ಸೈನಿಕರಿಗೆ ಅಡಗುತಾಣವಾಯಿತು. ಊರನ್ನು ಬಾಂಬಿನಿಂದ ಸಪಾಟು ಮಾಡಿದರೆ ಕೆಲಸ ಸುಲಭ ಅಂತ ಈಗಲೂ ನಂಬುವವರಿದ್ದಾರೆ. ನಿಂತ ಗೋಡೆಗಿಂತ ಬಿದ್ದ ಗೋಡೆಯ ಹಿಂದಿನವನನ್ನು ಹುಡುಕುವುದು ಕಷ್ಟ. ಎರಡನೆಯದು, ಸೋವಿಯತ್ 62ನೇ ಸೇನೆಯ ಕಮಾಂಡರ್ ಚುಯ್ಕೋವ್ ತನ್ನವರನ್ನು ಜರ್ಮನ್ನರಿಗೆ ಗ್ರೆನೇಡ್ ಎಸೆಯುವಷ್ಟು ಹತ್ತಿರವೇ ಇಟ್ಟ. ಹಾಗೆ ಅಂಟಿಕೊಂಡರೆ ಶತ್ರುವಿನ ವಿಮಾನ ಬಾಂಬ್ ಹಾಕಲು ಹೆದರುತ್ತದೆ, ತಮ್ಮವರ ಮೇಲೂ ಬೀಳುತ್ತದಲ್ಲ. ಆದರೆ ಯುದ್ಧ ತೀರ್ಮಾನವಾದದ್ದು ಊರೊಳಗಲ್ಲ. ನವೆಂಬರ್ 19ರಂದು ಸೋವಿಯತ್ ಸೇನೆ ಹೊರಗಿನ ಹುಲ್ಲುಗಾವಲಿನಿಂದ ಶುರು ಮಾಡಿದ ದಾಳಿ ಜರ್ಮನ್ 6ನೇ ಸೇನೆಯನ್ನು ಸುತ್ತುಗಟ್ಟಿತು. ಊರೊಳಗಿನ ಮನೆಮನೆಯ ಕಾಳಗ ಆ ಸೇನೆಯನ್ನು ಅಲ್ಲೇ ಕಟ್ಟಿಹಾಕಿದ ಹಗ್ಗ.

ನಗರ ಯುದ್ಧದ ಇತಿಹಾಸ ಓದುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆಯೂ ಇದೇ. ಊರಿಗೆ ಹೋಗುವ ದಾರಿಗಳು ಯಾರ ಕೈಯಲ್ಲಿದ್ದವು? ಒಳಗಿನವನಿಗೆ ಗುಂಡು, ಗೋಧಿ, ಹೊಸ ಜನ ಬರುತ್ತಲೇ ಇದ್ದರೆ ಊರು ಬೀಳುವುದಿಲ್ಲ. ದಾರಿ ಮುಚ್ಚಿದರೆ ತಡವಾಗಿಯಾದರೂ ಬೀಳುತ್ತದೆ. ಯಾವ ಮನೆಯಲ್ಲಿ ಎಷ್ಟು ದಿನ ಕಾದಾಡಿದರು ಅನ್ನೋ ವೀರಗಾಥೆಗಳಿಗಿಂತ ಇದು ಹೆಚ್ಚು ಹೇಳುತ್ತದೆ.

ಇಷ್ಟೆಲ್ಲ ಕಲಿತ ಸೇನೆ ಗ್ರೋಜ್ನಿಯಲ್ಲಿ ಹಾಗೆ ಯಾಕೆ ಹೋಯಿತು? ಶೀತಲ ಸಮರದುದ್ದಕ್ಕೂ ಅದು ತಯಾರಿ ಮಾಡಿದ್ದು ಯುರೋಪಿನ ಬಯಲಲ್ಲಿ ಟ್ಯಾಂಕುಗಳನ್ನು ಓಡಿಸುವ ಯುದ್ಧಕ್ಕೆ. ಊರು ಬಂದರೆ ಬಳಸಿ ಹೋಗು ಅನ್ನೋದು ಪಾಠ. ಬೀದಿ ಕಾಳಗದ ಅಭ್ಯಾಸಕ್ಕೆ ಖರ್ಚು ಜಾಸ್ತಿ, ಸಮಯ ಜಾಸ್ತಿ, ಅದರಲ್ಲಿ ಯಾವ ಜನರಲ್‌ಗೂ ಮೆರವಣಿಗೆ ಸಿಗುವುದಿಲ್ಲ. ಪಾಠ ಕಪಾಟಿಗೆ ಸೇರಿತು. ಕಡೆಗೆ ಗ್ರೋಜ್ನಿ ಹಿಡಿದ ಮೇಲೂ, 1996ರ ಆಗಸ್ಟಿನಲ್ಲಿ ಚೆಚೆನ್ನರು ತಮಗಿಂತ ಎಷ್ಟೋ ಪಟ್ಟು ದೊಡ್ಡ ಪಡೆಯ ನಡುವೆ ನುಸುಳಿ ಊರನ್ನು ಮತ್ತೆ ಕಿತ್ತುಕೊಂಡರು. ಆ ತಿಂಗಳ ಕೊನೆಗೆ ಒಪ್ಪಂದವಾಯಿತು. ಮೂರು ವರ್ಷದ ಮೇಲೆ ಮತ್ತೆ ಬಂದ ರಷ್ಯನ್ ಸೇನೆ ಈ ಸಲ ದೂರದಿಂದಲೇ ಫಿರಂಗಿ ಹೊಡೆದು ಊರನ್ನು ನೆಲಸಮ ಮಾಡಿತು. ಅದನ್ನು ಕಲಿಕೆ ಅನ್ನಬೇಕೋ ಬೇಡವೋ ನೀವೇ ಹೇಳಿ.

ಮರೆತವರು ರಷ್ಯನ್ನರು ಮಾತ್ರ ಅಂದುಕೊಳ್ಳಬೇಡಿ. 1987ರ ಅಕ್ಟೋಬರಿನಲ್ಲಿ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾದ ಜಾಫ್ನಾಕ್ಕೆ ನುಗ್ಗಿದಾಗಲೂ ಬೀದಿಗಳು ಇದೇ ಪಾಠ ಹೇಳಿದವು. ವಿಶ್ವವಿದ್ಯಾಲಯದ ಹತ್ತಿರ ರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು. ಎಲ್‌ಟಿಟಿಇಗೆ ಅವರು ಬರುವ ಸುಳಿವು ಮೊದಲೇ ಸಿಕ್ಕಿತ್ತು. ರಸ್ತೆಗಳಲ್ಲಿ ಮೈನ್ ಹೂತಿಟ್ಟಿದ್ದರಿಂದ, ಅವರ ಜೊತೆ ಇಳಿದು ಸಿಕ್ಕಿಬಿದ್ದ ಕಮಾಂಡೋಗಳನ್ನು ಬಿಡಿಸಲು ಹೊರಟ ಟ್ಯಾಂಕುಗಳು ರೈಲು ಹಳಿಯ ಗುಂಟ ಹೋಗಬೇಕಾಯಿತು.

ಇನ್ನು ಇತ್ತೀಚಿನ ವರ್ಷಗಳಲ್ಲಿ ಊರುಗಳೇ ಯಾಕೆ ಅನ್ನೋ ಪ್ರಶ್ನೆ. ಸಾಮಾನ್ಯವಾಗಿ ಸಿಗುವ ಉತ್ತರ: ಜನ ಊರುಗಳಲ್ಲಿದ್ದಾರೆ, ಹಾಗಾಗಿ ಯುದ್ಧವೂ ಅಲ್ಲಿದೆ. 1950ರಲ್ಲಿ ಜಗತ್ತಿನ ಸುಮಾರು ಶೇ 30ರಷ್ಟು ಜನ ನಗರವಾಸಿಗಳು. 2007ರ ಹೊತ್ತಿಗೆ ಅದು ಅರ್ಧ ದಾಟಿತು ಅಂತ ವಿಶ್ವಸಂಸ್ಥೆಯ ಲೆಕ್ಕ. ಇದು ಸುಳ್ಳಲ್ಲ, ಆದರೆ ಇಷ್ಟೇ ಸಾಲದು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಆಂಟನಿ ಕಿಂಗ್ ಇನ್ನೊಂದು ಕಾರಣ ಮುಂದಿಡುತ್ತಾರೆ. ಸೇನೆಗಳು ಚಿಕ್ಕದಾಗಿವೆ. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಸೈನಿಕರು ನೂರಾರು ಕಿಲೋಮೀಟರ್ ಉದ್ದದ ಸಾಲು ಹಿಡಿದು ನಿಲ್ಲುತ್ತಿದ್ದರು. ಊರು ಆ ಸಾಲಿನಲ್ಲಿ ಒಂದು ಗಂಟು, ಅಷ್ಟೇ. ಈಗಿನ ಸೇನೆಗಳಿಗೆ ಅಷ್ಟುದ್ದ ಸಾಲು ನಿಲ್ಲಿಸಲು ಜನ ಇಲ್ಲ. ಹಾಗಾಗಿ ಮುಖ್ಯವಾದ ಜಾಗಗಳಿಗೆ, ಅಂದರೆ ಊರುಗಳಿಗೆ, ಎರಡೂ ಕಡೆಯವರು ಬಂದು ಸೇರುತ್ತಾರೆ. ಅಲ್ಲೂ ಇಡೀ ಊರು ತುಂಬುವಷ್ಟು ಜನ ಇಲ್ಲದೆ, ಯುದ್ಧ ಒಂದು ಬಡಾವಣೆ, ಒಂದು ಕಾರ್ಖಾನೆ, ನಾಲ್ಕು ಕಟ್ಟಡಗಳ ಸಣ್ಣ ಸಣ್ಣ ಮುತ್ತಿಗೆಗಳಾಗಿ ಒಡೆಯುತ್ತದೆ. ಮರಿಯುಪೋಲ್‌ನಲ್ಲಿ ಕೊನೆಯ ಮುತ್ತಿಗೆ ನಡೆದ ಅಜೋವ್‌ಸ್ತಾಲ್ ಉಕ್ಕಿನ ಕಾರ್ಖಾನೆ ನೆನಪಿಸಿಕೊಂಡರೆ ಈ ಮಾತು ಸರಿ ಅನಿಸುತ್ತದೆ. ಉಕ್ರೇನಿನಲ್ಲಿ ಉದ್ದನೆಯ ಸಾಲು ಮತ್ತೆ ಕಾಣಿಸಿದೆ ಅನ್ನೋದೂ ನಿಜ. ವಾದ ಇನ್ನೂ ಮುಗಿದಿಲ್ಲ.

ಇರಾಕಿನ ಮೊಸುಲ್ ತೆಗೆದುಕೊಳ್ಳಿ. 2016ರ ಅಕ್ಟೋಬರ್ 17ಕ್ಕೆ ಶುರು, 2017ರ ಜುಲೈ 10ಕ್ಕೆ ಗೆಲುವಿನ ಘೋಷಣೆ. ಇರಾಕಿ ಪಡೆ, ಕುರ್ದಿ ಪಡೆ ಎಲ್ಲ ಸೇರಿ ಹೊರಗಿದ್ದವರು ಸುಮಾರು ಒಂದು ಲಕ್ಷ. ಒಳಗಿದ್ದ ಇಸ್ಲಾಮಿಕ್ ಸ್ಟೇಟ್ (ಐಎಸ್) ಹೋರಾಟಗಾರರು ಕೆಲವೇ ಸಾವಿರ. ಆಕಾಶ ಪೂರ್ತಿ ಅಮೆರಿಕ ಮತ್ತು ಜೊತೆಗಾರರ ಕೈಯಲ್ಲಿ. ಆದರೂ ಒಂಬತ್ತು ತಿಂಗಳು. ಐಎಸ್‌ನವರು ಮನೆಯಿಂದ ಮನೆಗೆ ತೂತು ಕೊರೆದು ಬೀದಿಗೆ ಕಾಣಿಸಿಕೊಳ್ಳದೆ ಓಡಾಡಿದರು. ಜರಗೋಜಾದಲ್ಲಿ ದಾಳಿ ಮಾಡಿದವರ ಉಪಾಯ ಇಲ್ಲಿ ಒಳಗಿದ್ದವರದ್ದಾಯಿತು. ಉಕ್ಕಿನ ಹಾಳೆ ಬೆಸೆದ ಕಾರುಗಳಲ್ಲಿ ಬಾಂಬ್ ತುಂಬಿ ಗಲ್ಲಿಗಳಿಂದ ನುಗ್ಗಿಸಿದರು.

ಮಾರ್ಚ್ 17ರಂದು ಮೊಸುಲ್‌ನ ಜದೀದಾ ಬಡಾವಣೆಯಲ್ಲಿ ಒಂದು ಕಟ್ಟಡದ ಮೇಲೆ ಇಬ್ಬರು ಸ್ನೈಪರ್‌ಗಳಿದ್ದರು. ಅವರಿಗೆ ಅಂತ ಸುಮಾರು 227 ಕಿಲೋದ ಒಂದೇ ಬಾಂಬ್ ಹಾಕಿದರು. ಕಟ್ಟಡವೇ ಕುಸಿಯಿತು. ಒಳಗೆ ಆಸರೆ ಪಡೆದಿದ್ದ ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಐಎಸ್‌ನವರು ಒಳಗಿಟ್ಟಿದ್ದ ಸ್ಫೋಟಕಕ್ಕೂ ಬೆಂಕಿ ತಗಲಿದ್ದರಿಂದ ಹೀಗಾಯಿತು ಅಂತ ಅಮೆರಿಕದ ಸೇನೆಯ ತನಿಖೆ ಹೇಳಿತು. ಕಾರಣ ಏನೇ ಇರಲಿ, ಬಾಂಬ್ ಗುರಿಗೇ ಬಿದ್ದಿತ್ತು. ನಿಖರತೆ ಅಂದರೆ ಬಾಂಬ್ ಎಲ್ಲಿ ಬೀಳುತ್ತದೆ ಅನ್ನೋದು ಮಾತ್ರ. ತಾರಸಿಯ ಕೆಳಗೆ ಯಾರಿದ್ದಾರೆ ಅಂತ ಅದು ನೋಡುವುದಿಲ್ಲ. 1945ರಲ್ಲಿ ಫಿಲಿಪೀನ್ಸಿನ ಮನಿಲಾವನ್ನು ಜಪಾನಿನಿಂದ ಬಿಡಿಸುವಾಗ ಅಮೆರಿಕದ ಜನರಲ್ ಮೆಕಾರ್ಥರ್ ವಿಮಾನ ದಾಳಿ ಬೇಡ ಅಂದಿದ್ದರು. ಕಾಳಗ ಬಿಗಿಯಾದ ಹಾಗೆ ಆ ಕೆಲಸ ಫಿರಂಗಿ ಮಾಡಿತು. ಜಪಾನಿ ಸೈನಿಕರು ನಡೆಸಿದ ಕಗ್ಗೊಲೆಗಳೂ ಸೇರಿ ಒಂದು ತಿಂಗಳಲ್ಲಿ ಸತ್ತ ನಾಗರಿಕರು ಸುಮಾರು ಒಂದು ಲಕ್ಷ. 2022ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ 80ಕ್ಕೂ ಹೆಚ್ಚು ದೇಶಗಳು ಜನವಸತಿಯಲ್ಲಿ ಸ್ಫೋಟಕಗಳ ಬಳಕೆಗೆ ಮಿತಿ ಹಾಕಿಕೊಳ್ಳುವ ಘೋಷಣೆಗೆ ಒಪ್ಪಿದವು. ಅದು ಕಾನೂನಲ್ಲ, ಮಾತು ಕೊಟ್ಟ ಹಾಗೆ.

ಓದುವವರು ಇದ್ದಾರಾ ಅಂದಿರಿ. ಧಾರಾಳವಾಗಿ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಇದಕ್ಕೆಂದೇ ಒಂದು ಅಧ್ಯಯನ ಯೋಜನೆ ಇದೆ. ಇತಿಹಾಸಕಾರರು, ಸಮಾಜಶಾಸ್ತ್ರಜ್ಞರು, ನಗರ ಯೋಜಕರು, ರೆಡ್ ಕ್ರಾಸ್‌ನ ವಕೀಲರು ಎಲ್ಲ ಬರೆಯುತ್ತಾರೆ. ಸೇನೆಗಳು ಅಭ್ಯಾಸಕ್ಕೆ ಸುಳ್ಳು ಊರುಗಳನ್ನೇ ಕಟ್ಟಿವೆ. ಬ್ರಿಟನ್ನಿನ ಕೋಪ್‌ಹಿಲ್ ಡೌನ್ ಶೀತಲ ಸಮರದ ಕೊನೆಗೆ ಕಟ್ಟಿದ ನಕಲಿ ಜರ್ಮನ್ ಹಳ್ಳಿ. ಜರ್ಮನಿಯ ಶ್ನೋಗರ್ಸ್‌ಬರ್ಗ್‌ನಲ್ಲಿ 500ಕ್ಕೂ ಹೆಚ್ಚು ಕಟ್ಟಡಗಳು, ಒಂದು ಮೆಟ್ರೋ ಸುರಂಗ ಕೂಡ ಇದೆ. ಎಷ್ಟು ದೊಡ್ಡದಾದರೂ ಇವುಗಳಲ್ಲಿ ಊರಿನ ಮುಖ್ಯ ವಸ್ತುವೇ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಅವಿತ ಮಕ್ಕಳಿಲ್ಲ, ಹಾಸಿಗೆ ಬಿಟ್ಟು ಏಳಲಾಗದ ಅಜ್ಜಿ ಇಲ್ಲ, ನೀರಿನ ಪಂಪು ನಿಂತರೆ ಮೂರನೇ ದಿನಕ್ಕೆ ಏನಾಗುತ್ತದೆ ಅನ್ನೋ ಪ್ರಶ್ನೆ ಇಲ್ಲ. ಅಂಥ ಊರಲ್ಲಿ ಪಳಗಿದವನಿಗೆ ಬಾಗಿಲು ಒಡೆಯಲು ಬರುತ್ತದೆ. ಒಡೆಯಬೇಕೋ ಬೇಡವೋ ಅನ್ನೋದು ಅಲ್ಲಿನ ಪಾಠದಲ್ಲಿ ಕಡಿಮೆ.

ಕೊನೆಗೆ ಡ್ರೋನ್. ಮೊಸುಲ್‌ನಲ್ಲೇ ಐಎಸ್‌ನವರು ಅಂಗಡಿಯಲ್ಲಿ ಸಿಗುವ ಸಣ್ಣ ಡ್ರೋನ್‌ಗಳಿಂದ ಗ್ರೆನೇಡ್ ಬೀಳಿಸಿದ್ದರು. ಉಕ್ರೇನಿನಲ್ಲಿ ಅವು ಕಿಟಕಿಯೊಳಗೇ ನುಗ್ಗುತ್ತಿವೆ. ಬೀದಿ ದಾಟುವುದು ಮೊದಲಿಗಿಂತ ಅಪಾಯ, ತಾರಸಿಯಲ್ಲಿ ನಿಲ್ಲುವುದು ಇನ್ನೂ ಅಪಾಯ. ಮೂಲೆಯಾಚೆ ಏನಿದೆ ಅಂತ ಈಗ ತಲೆ ಹಾಕದೆ ನೋಡಬಹುದು, ಅದು ದೊಡ್ಡ ವಿಷಯವೇ. ಆದರೆ ಎರಡು ಕಾಂಕ್ರೀಟ್ ಗೋಡೆ ದಾಟಿದ ಮೇಲೆ ರೇಡಿಯೋ ಸಿಗ್ನಲ್ ಸಾಯುತ್ತದೆ. ಅದಕ್ಕೆ ಉಪಾಯ ಅಂದರೆ ಕೂದಲಿನಂಥ ಗಾಜಿನ ತಂತಿ ಬಿಚ್ಚುತ್ತಾ ಹಾರುವ ಡ್ರೋನ್. ಅದರ ಸಿಗ್ನಲನ್ನು ಶತ್ರು ಜಾಮ್ ಮಾಡಲು ಆಗುವುದಿಲ್ಲ, ಗೋಡೆಯಾಚೆಯೂ ಚಿತ್ರ ಕಳಿಸುತ್ತದೆ. ಮೆಟ್ಟಿಲ ತಿರುವಿನಲ್ಲಿ, ಬಾಗಿದ ಕಂಬಿಯೊಂದಕ್ಕೆ ಆ ತಂತಿ ಸಿಕ್ಕಿ ತುಂಡಾಯಿತು ಅನ್ನಿ. ಪರದೆ ಕಪ್ಪಾಗುತ್ತದೆ. ಆಮೇಲೆ ಕೆಳಗೆ ಕಾಯುತ್ತಿರುವ ಎಂಟು ಜನರಲ್ಲಿ ಯಾರಾದರೂ ಒಬ್ಬ ಆ ಮೆಟ್ಟಿಲು ಹತ್ತಬೇಕು.